ನಾಯಕನಿಲ್ಲದೆಯೂ ಗೆಲ್ಲುವ ಗೂಢಚಾರಿ ಸಿನಿಮಾ ದೃಶ್ಯ ಯಾವುದು?

ಪ್ರಶ್ನೆ: ನಾಯಕ ಕಾಣಿಸದಿದ್ದರೂ ಮನಸ್ಸಲ್ಲಿ ಉಳಿಯುವ ದೃಶ್ಯ ಹೇಳಿ. ಯಾಕೆ ಹಿಡಿಸಿತು ಅಂತಲೂ ಬರೆಯಿರಿ.

ಉತ್ತರ 1: ಜೇಮ್ಸ್ ಬಾಂಡ್ ಚಿತ್ರ 'ಫ್ರಮ್ ರಷ್ಯಾ ವಿತ್ ಲವ್' (1963)ನ ಚದುರಂಗ ಪಂದ್ಯ. ಆಡುತ್ತಿರುವ ಖಳ ಕ್ರಾನ್‌ಸ್ಟೀನ್ ಲೋಟ ಎತ್ತಿದರೆ ಅಡಿಯಲ್ಲೇ ತುರ್ತಾಗಿ ಬರಲು ಹೇಳುವ ಚೀಟಿ; ಮುಖದಲ್ಲಿ ಗಾಬರಿಯಿಲ್ಲ. ಖಳನ ಬುದ್ಧಿ ಎಂಥದ್ದೆಂದು ಮಾತಿಲ್ಲದೆ ತಿಳಿಯುತ್ತದೆ.

ಉತ್ತರ 2: ಆ ಆಟ 1960ರಲ್ಲಿ ಚದುರಂಗ ಆಟಗಾರರಾದ ಸ್ಪಾಸ್ಕಿ–ಬ್ರಾನ್‌ಸ್ಟೀನ್ ನಿಜವಾಗಿ ಆಡಿದ ಪಂದ್ಯದ್ದು. ಬಿಳಿಯ ಕುದುರೆ ಇ5 ಎಂಬ ಚೌಕದಲ್ಲಿ ಒಂಟೆಯನ್ನು ಹೊಡೆದು ಚೆಕ್, ರಾಜ ಎಚ್7ಗೆ, ರಾಣಿ ಇ4ರಿಂದ ಮತ್ತೆ ಚೆಕ್. ಆದರೆ ಸಿನಿಮಾದ ಹಲಗೆಯಲ್ಲಿ ಬಿಳಿಯ ಡಿ4, ಸಿ5 ಪದಾತಿಗಳೇ ಇಲ್ಲ! ಇ5 ಕುದುರೆಗೆ ಡಿ4 ಪದಾತಿಯೂ ಬೆಂಬಲ. ಅದನ್ನು ತೆಗೆದದ್ದು ಅನ್ಯಾಯ.

ಉತ್ತರ 3: ಅದೇ ಚಿತ್ರದ ಮೊದಲ ದೃಶ್ಯವೂ ಇದೆಯಲ್ಲ. ಕೊಲೆಗಾರ ಗ್ರಾಂಟ್ ಕೈಗಡಿಯಾರದಿಂದ ತಂತಿ ಎಳೆದು ನಾಯಕ ಬಾಂಡ್‌ನಂತೆ ಕಾಣುವವನ ಕತ್ತು ಬಿಗಿಯುತ್ತಾನೆ. ಮುಖವಾಡ ಕಿತ್ತರೆ ಬೇರೊಬ್ಬ ಮೀಸೆಯವನು. ಸತ್ತದ್ದು ನಾಯಕನಲ್ಲ, ಹಾಗಾಗಿ ಇದನ್ನೂ ಲೆಕ್ಕಕ್ಕೆ ಸೇರಿಸಲೇಬೇಕು.