ತಮ್ಮನ ಕೈ ಮುರಿದಿದ್ದಾರೆ, ಸ್ಟೇಷನ್‌ನಲ್ಲಿ ಎಫ್‌ಐಆರ್ ಮಾಡದೆ ರಾಜಿ ಆಗಿ ಅಂತಿದ್ದಾರೆ. ಏನು ಮಾಡಲಿ?

ಹೊಲದ ಮನೆ:
ಎಲ್ಲರಿಗೂ ನಮಸ್ಕಾರ. ನೀರಿನ ಪೈಪ್ ಎಳೆಯುವ ವಿಷಯಕ್ಕೆ ಜಗಳ ಆಗಿ, ಕಳೆದ ಭಾನುವಾರ ಪಕ್ಕದ ಹೊಲದವರು ನನ್ನ ತಮ್ಮನಿಗೆ ಕಬ್ಬಿಣದ ರಾಡಿನಿಂದ ಹೊಡೆದರು. ಬಲಗೈ ಮೂಳೆ ಮುರಿದಿದೆ, ಆಪರೇಷನ್ ಮಾಡಿ ಪ್ಲೇಟ್ ಹಾಕಿದ್ದಾರೆ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಹಲ್ಲೆಯ ಗಾಯ ಅಂತ ಪೊಲೀಸ್ ಕೇಸಿಗಾಗಿ ಮಾಡುವ ದಾಖಲೆ) ಆಗಿದೆ. ಸ್ಟೇಷನ್‌ಗೆ ಮೂರು ಸಲ ಹೋಗಿ ಬಂದೆ. ಮೊದಲ ಸಲ ದೂರು ತಗೊಂಡು ನಾಳೆ ಬನ್ನಿ ಅಂದರು. ಎರಡನೇ ಸಲ ಎನ್‌ಸಿಆರ್ ಅಂತ ಒಂದು ಹಿಂಬರಹ (ದೂರಿಗೆ ಪೊಲೀಸರ ಲಿಖಿತ ಉತ್ತರ) ಕೊಟ್ಟರು. ನಿನ್ನೆ ಹೋದರೆ, ಒಂದೇ ಊರಿನವರು, ನೀವು ಕೇಸ್ ಅಂದರೆ ಅವರೂ ಕೌಂಟರ್ ಕೇಸ್ ಹಾಕ್ತಾರೆ, ಆಸ್ಪತ್ರೆ ಖರ್ಚು ಇಸ್ಕೊಂಡು ಮುಗಿಸಿ ಅಂತಾರೆ. ಅಮ್ಮ ಹೆದರಿ ರಾಜಿಗೆ ಒಪ್ಪು ಅಂತಿದ್ದಾರೆ. ತಮ್ಮ ಗಾರೆ ಕೆಲಸದವನು, ಬಲಗೈ ಇಲ್ಲದೆ ಮೂರು ತಿಂಗಳು ಮನೆಯಲ್ಲಿ ಕೂರಬೇಕು. ನಮಗೆ ಏನಾದರೂ ಹಕ್ಕು ಇದೆಯಾ, ಅಥವಾ ಪೊಲೀಸರು ಹೇಳಿದ್ದೇ ಕೊನೆಯಾ?

ತಾಲ್ಲೂಕು ಕೋರ್ಟ್ ವಕೀಲ:
ಖಂಡಿತ ಕೊನೆ ಅಲ್ಲ. ಮೊದಲು ಆ ಹಿಂಬರಹ ಜೋಪಾನವಾಗಿ ಇಟ್ಕೊಳ್ಳಿ, ಅದು ಮುಂದೆ ನಿಮಗೇ ಸಾಕ್ಷಿ.

ಎನ್‌ಸಿಆರ್ ಅಂದರೆ ಪೊಲೀಸರು ತಾವಾಗಿ ತನಿಖೆ ಮಾಡುವಂಥದ್ದಲ್ಲ ಅನ್ನುವ ಸಣ್ಣಪುಟ್ಟ ಪ್ರಕರಣಕ್ಕೆ. ಮೂಳೆ ಮುರಿದರೆ ಅದು ಕಾನೂನಿನಲ್ಲಿ ತೀವ್ರ ಗಾಯ. ರಾಡಿನಂಥ ಅಪಾಯಕಾರಿ ವಸ್ತುವಿನಿಂದ ತೀವ್ರ ಗಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 118(2) ಬರುತ್ತದೆ, ಕನಿಷ್ಠ 1 ವರ್ಷ ಜೈಲು, ಜೀವಾವಧಿವರೆಗೂ ಆಗಬಹುದು. ಇಂಥದ್ದರಲ್ಲಿ ಎಫ್‌ಐಆರ್ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. 2024ರ ಜುಲೈ 1ರಿಂದ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂನಲ್ಲೂ ಇದು ಇದೆ. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಅಥವಾ ಪೆಟ್ಟು ತಿಂದವರಿಗೆ ದುಡ್ಡಿಲ್ಲದೆ ಕೊಡಬೇಕು. ಮೊದಲು ವಿಚಾರಣೆ ಮಾಡಿ ನೋಡ್ತೀವಿ ಅಂತ ಹೇಳಿದರೆ ನಂಬಬೇಡಿ. ಆ 14 ದಿನದ ಪ್ರಾಥಮಿಕ ವಿಚಾರಣೆ 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ, ಅದಕ್ಕೂ ಡಿವೈಎಸ್‌ಪಿ ಒಪ್ಪಿಗೆ ಬೇಕು.

ಇವತ್ತೇ ಅದೇ ದೂರನ್ನು ಜಿಲ್ಲಾ ಎಸ್‌ಪಿ ಅವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಜೊತೆಗೆ ಎಂಎಲ್‌ಸಿ ನಂಬರ್ ಬರೆಯಿರಿ, ಎಕ್ಸ್‌ರೇ ಪ್ರತಿ, ಹಿಂಬರಹದ ಪ್ರತಿ ಹಾಕಿ. ರಸೀದಿ ಕಳೀಬೇಡಿ. ಅದಕ್ಕೂ ಕದಲದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 175(3) ಅಡಿಯಲ್ಲಿ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು, ಆಗ ಅಫಿಡವಿಟ್ (ಪ್ರಮಾಣ ಮಾಡಿ ಬರೆದ ಹೇಳಿಕೆ) ಜೊತೆಗೆ ಎಸ್‌ಪಿಗೆ ಬರೆದದ್ದಕ್ಕೆ ಪುರಾವೆ ಬೇಕೇ ಬೇಕು. ಎಷ್ಟೋ ಜನ ಇದೊಂದನ್ನು ಬಿಟ್ಟು ನೇರ ಕೋರ್ಟಿಗೆ ಬಂದು ವಾಪಸ್ ಹೋಗ್ತಾರೆ, ನೋಡಿ ಬೇಜಾರಾಗುತ್ತದೆ.

ಇನ್ನು ಕೌಂಟರ್ ಕೇಸ್. ಅವರು ಹಾಕಿದರೂ ನಿಮ್ಮ ಕೇಸ್ ನಿಲ್ಲುವುದಿಲ್ಲ. ಹೆದರಿಸಲು ಎಲ್ಲ ಕಡೆ ಹೇಳುವ ಮಾತು ಅದು. 118(2) ರಾಜಿಯಾಗುವ ಕಲಂಗಳ ಪಟ್ಟಿಯಲ್ಲೇ ಇಲ್ಲ. ಸ್ಟೇಷನ್‌ನಲ್ಲಿ ಕೂತು ಬರೆಸಿಕೊಳ್ಳುವ ರಾಜಿ ಚೀಟಿಗೆ ಸಹಿ ಹಾಕಬೇಡಿ.

ಮಲೆನಾಡಿಗ:
ವಕೀಲರು ಹೇಳಿದ್ದು ಸರಿ. ಎಫ್‌ಐಆರ್ ಆದ ಮೇಲೂ ಸುಮ್ನೆ ಕೂರಬೇಡಿ, ಇದು ನಮ್ಮ ಮನೆಯಲ್ಲಿ ಪೆಟ್ಟು ತಿಂದು ಕಲಿತದ್ದು. ಅಪ್ಪನ ಮೇಲೆ ಹಲ್ಲೆ ಆದಾಗ ಎಫ್‌ಐಆರ್ ಆಯ್ತು, ಮಹಜರು ಆಯ್ತು, ನಾವು ನೆಮ್ಮದಿಯಾಗಿದ್ದೆವು. ಎಂಟು ತಿಂಗಳ ಮೇಲೆ ಕೋರ್ಟಿನಿಂದ ನೋಟಿಸ್ ಬಂತು, ನೋಡಿದರೆ ಪೊಲೀಸರು ಬಿ ರಿಪೋರ್ಟ್ (ಕೇಸ್ ಮುಚ್ಚಬಹುದು ಅನ್ನುವ ವರದಿ) ಹಾಕಿದ್ದಾರೆ, ಸಾಕ್ಷಿಗಳು ಹೇಳಿಕೆ ಕೊಟ್ಟಿಲ್ಲ ಅಂತ. ನಮ್ಮ ಪಕ್ಕದ ಮನೆಯವರ ಹತ್ತಿರ ಯಾರೂ ಬಂದೇ ಇರಲಿಲ್ಲ! ಆ ನೋಟಿಸ್‌ಗೆ ಹೋಗದಿದ್ದರೆ ಅಲ್ಲಿಗೆ ಮುಗಿದಿತ್ತು. ಆ ವರದಿ ಒಪ್ಪುವುದಿಲ್ಲ ಅಂತ ಪ್ರೊಟೆಸ್ಟ್ ಪಿಟಿಷನ್ ಹಾಕಿದೆವು, ನ್ಯಾಯಾಧೀಶರು ನಮ್ಮ ಸಾಕ್ಷಿಗಳ ಹೇಳಿಕೆ ತಗೊಂಡರು, ಈಗ ಕೇಸ್ ನಡೀತಿದೆ.

ಈಗಿನ ಕಾನೂನಿನಲ್ಲಿ ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ತನಿಖಾಧಿಕಾರಿ ನಿಮಗೆ ತಿಳಿಸಬೇಕು, ಫೋನ್ ಮೆಸೇಜ್‌ನಲ್ಲಾದರೂ ಸರಿ. ಬರದಿದ್ದರೆ ಬರವಣಿಗೆಯಲ್ಲಿ ಕೇಳಿ. ಆಸ್ಪತ್ರೆಯವರು ಗಾಯದ ಬಗ್ಗೆ ಕೊಡುವ ವೂಂಡ್ ಸರ್ಟಿಫಿಕೇಟ್‌ನಲ್ಲಿ ತೀವ್ರ ಗಾಯ ಅಂತ ಬರೆದಿದ್ದಾರಾ ನೋಡಿಕೊಳ್ಳಿ, ಕೇಸ್ ನಿಲ್ಲುವುದೇ ಅದರ ಮೇಲೆ. ಆರೋಪಿ ಬೇಲ್ ಕೇಳಿದಾಗ ನೀವೂ ಹೋಗಿ ಆಕ್ಷೇಪಣೆ ಹೇಳಬಹುದು. ಉತ್ತರ ಪ್ರದೇಶದಲ್ಲಿ ರೈತರ ಮೇಲೆ ವಾಹನ ಹರಿದ ಲಖೀಂಪುರ ಖೇರಿ ಕೇಸ್‌ನಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಅದೇ ಹೇಳಿತು, ನೊಂದವರ ಮಾತು ಕೇಳದೆ ಕೊಟ್ಟ ಬೇಲನ್ನೇ ರದ್ದು ಮಾಡಿತು. ಸರ್ಕಾರಿ ವಕೀಲರ ಜೊತೆ ಸಹಾಯಕ್ಕೆ ನಿಮ್ಮದೇ ವಕೀಲರನ್ನು ಇಡಲು ಕೋರ್ಟ್ ಅನುಮತಿ ಕೇಳಿ.

ಹೊಲದ ಮನೆ:
ತುಂಬ ಧನ್ಯವಾದ. ಖರ್ಚಿನ ಬಗ್ಗೆ ಯಾರಾದರೂ ಹೇಳ್ತೀರಾ? ಸಾಲ ಮಾಡಿ ಆಪರೇಷನ್ ಮಾಡಿಸಿದ್ದೇವೆ. ಮತ್ತೆ ನಿನ್ನೆ ರಾತ್ರಿ ಅವರ ಕಡೆಯವನೊಬ್ಬ ಬಾಗಿಲ ಹತ್ತಿರ ಬಂದು ನೋಡ್ಕೊಳ್ತೀವಿ ಅಂದು ಹೋಗಿದ್ದಾನೆ.

ತಾಲ್ಲೂಕು ಕೋರ್ಟ್ ವಕೀಲ:
ಬೆದರಿಕೆಯನ್ನು ತಡಮಾಡದೆ ಬರವಣಿಗೆಯಲ್ಲಿ ಕೊಡಿ, ತಕ್ಷಣಕ್ಕೆ 112ಕ್ಕೆ ಫೋನ್ ಮಾಡಿ, ಕರೆಯ ದಾಖಲೆಯೂ ಉಳಿಯುತ್ತದೆ. 2018ರ ಸಾಕ್ಷಿ ರಕ್ಷಣಾ ಯೋಜನೆ ಇದೆ, ಅದರಲ್ಲಿ ಮನೆಯವರಿಗೂ ರಕ್ಷಣೆ ಕೇಳಬಹುದು.

ಖರ್ಚಿನ ವಿಷಯ ಮುಚ್ಚಿಡದೆ ಹೇಳ್ತೀನಿ, ಪರಿಹಾರ ನಾಳೆಯೇ ಕೈಗೆ ಬರುವುದಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂನಲ್ಲಿ ಸಂತ್ರಸ್ತರ ಪರಿಹಾರ ಯೋಜನೆ ಇದೆ, ಕೋರ್ಟ್ ಶಿಫಾರಸು ಮಾಡಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಎಷ್ಟು ಅಂತ ನಿರ್ಧರಿಸುತ್ತದೆ. ನೀವೇ ನೇರವಾಗಿ ಅರ್ಜಿ ಹಾಕುವುದು ಆರೋಪಿ ಸಿಗದೆ ವಿಚಾರಣೆಯೇ ನಡೆಯದಿದ್ದಾಗ. ನಿಮ್ಮಲ್ಲಿ ಆರೋಪಿ ಗೊತ್ತಿದ್ದಾನೆ. ಆದರೂ ಒಂದು ದಾರಿ ಇದೆ. ಠಾಣಾಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಪ್ರಮಾಣಪತ್ರ ಕೊಟ್ಟರೆ ಪ್ರಾಧಿಕಾರ ತಕ್ಷಣದ ಚಿಕಿತ್ಸೆಗೆ ಅಥವಾ ಮಧ್ಯಂತರ ಪರಿಹಾರಕ್ಕೆ ಆದೇಶ ಮಾಡಬಹುದು. ಜಿಲ್ಲಾ ಕೋರ್ಟ್ ಆವರಣದಲ್ಲಿ ಅವರ ಕಚೇರಿ ಕೇಳಿ, ಆಸ್ಪತ್ರೆ ಬಿಲ್ ಒಂದೂ ಬಿಡದೆ ತಗೊಂಡು ಹೋಗಿ. ಫೋನ್ 15100. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಇನ್ನು ಕೆಲವು ವರ್ಗದವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ, ಉಳಿದವರಿಗೆ ಆದಾಯದ ಮಿತಿ ಇದೆ.

ಹೊಲದ ಮನೆ:
ಎಸ್‌ಪಿ ಅವರಿಗೆ ಪೋಸ್ಟ್ ಮಾಡಿ ಈಗ ಬಂದೆ, ರಸೀದಿ ಫೋಟೊ ತೆಗೆದು ಇಟ್ಟಿದ್ದೇನೆ. ಬೆದರಿಕೆ ಬಗ್ಗೆಯೂ ಬರೆದಿದ್ದೇನೆ. ಅಮ್ಮನಿಗೆ ನಿಮ್ಮ ಮಾತೆಲ್ಲ ಓದಿ ಹೇಳಿದೆ, ಸೋಮವಾರ ಕಾನೂನು ಸೇವಾ ಕಚೇರಿಗೆ ಅವರೂ ಬರ್ತಾರಂತೆ.