ಬೆಂಗಳೂರು–ಮಂಗಳೂರು ವಿಮಾನ: 300 ಕಿ.ಮೀ.ಗೆ ಒಂದು ಗಂಟೆ ಯಾಕೆ?

ವಿಜಯನಗರದ ಸೊಸೆ:
ಅತ್ತೆಯನ್ನು ಪುತ್ತೂರಿಗೆ ಕರೆದುಕೊಂಡು ಹೋಗಬೇಕು. ಮೊಣಕಾಲು ನೋವು, ಸ್ಲೀಪರ್ ಬಸ್ ಹತ್ತಿ ಇಳಿಯುವುದು ಕಷ್ಟ. ವಿಮಾನ ನೋಡುತ್ತಿದ್ದೇನೆ. ಮಂಗಳೂರಿಗೆ ನೇರ ದೂರ ಸುಮಾರು 300 ಕಿ.ಮೀ. ಅಂತೆ. ಟಿಕೆಟಿನಲ್ಲಿ ಮಾತ್ರ ಒಂದು ಗಂಟೆಯ ಮೇಲಿದೆ. ಗಂಟೆಗೆ 800 ಕಿ.ಮೀ. ಹೋಗುವ ವಿಮಾನಕ್ಕೆ ಅರ್ಧ ಗಂಟೆ ಸಾಕಲ್ವಾ? ನಮ್ಮೆಜಮಾನರು "ಸುತ್ತು ಹಾಕಿಕೊಂಡು ಹೋಗುತ್ತೆ" ಅಂತಾರೆ.

ಕಿಟಕಿ ಸೀಟು:
ಎಟಿಆರ್, ಅಂದರೆ ಫ್ಯಾನ್ ಇರುವ ಚಿಕ್ಕ ವಿಮಾನ, ಹಾಕಿದ್ದರೆ ಇನ್ನೂ ನಿಧಾನ. ಅದು ಗಂಟೆಗೆ 500 ಕಿ.ಮೀ. ಆಸುಪಾಸು ಅಷ್ಟೇ.

ಬಜ್ಪೆ ಭಟ್ಟ:
ಅಕ್ಕಾ, ಟಿಕೆಟಿನಲ್ಲಿರುವುದು ಹಾರುವ ಸಮಯ ಅಲ್ಲ. ದೇವನಹಳ್ಳಿಯಲ್ಲಿ ವಿಮಾನ ನಿಂತ ಜಾಗದಿಂದ ಅಲ್ಲಾಡಿದಾಗಿನಿಂದ ಬಜ್ಪೆಯಲ್ಲಿ ಪೂರ್ತಿ ನಿಲ್ಲುವ ತನಕದ ಲೆಕ್ಕ. ಬೆಳಗಿನ ರಶ್ಶಿನಲ್ಲಿ ರನ್‌ವೇ ತನಕ ಉರುಳುವುದು, ಕ್ಯೂನಲ್ಲಿ ನಿಲ್ಲುವುದು, ಅದಕ್ಕೇ ಕಾಲು ಗಂಟೆ ಹೋಗುತ್ತದೆ. ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಗಿಂತ ಕಡಿಮೆ. ಆ 800ರ ವೇಗವೂ ಮೇಲೆ ಹೋದ ಮೇಲಿನದ್ದು. ಈ ರೂಟಿನಲ್ಲಿ ಹತ್ತಿ ಮುಗಿಯುವಷ್ಟರಲ್ಲಿ ಇಳಿಯಲು ಶುರು. ನೀರಿನ ಲೋಟ ಕೊಟ್ಟವರು ವಾಪಸ್ ಕೇಳಿಕೊಂಡು ಬಂದುಬಿಡುತ್ತಾರೆ!

ನಿಮ್ಮ ಯಜಮಾನರ ಮಾತೂ ಪೂರ್ತಿ ಸುಳ್ಳಲ್ಲ. ದೇವನಹಳ್ಳಿಯ ರನ್‌ವೇ ಪೂರ್ವ–ಪಶ್ಚಿಮ. ಗಾಳಿ ನೋಡಿ ಪೂರ್ವಕ್ಕೆ ಹಾರಿಸಿದರೆ ತಿರುಗಿ ಬರಬೇಕು. ಬಜ್ಪೆಯಲ್ಲೂ ಕೆಲವು ಸಲ ಕಡಲ ಕಡೆ ಹೋಗಿ ತಿರುಗಿಯೇ ಇಳಿಸುತ್ತಾರೆ. ಗುಡ್ಡದ ತಲೆ ಮೇಲಿನ ರನ್‌ವೇ ಅದು. ಮಳೆಗಾಲದಲ್ಲಿ ಮೋಡ ಕವಿದರೆ ಸುತ್ತಿಸುವುದೂ ಉಂಟು, ಬೇರೆ ಊರಿಗೆ ಕಳಿಸುವುದೂ ಉಂಟು.

ಆದರೆ ಹೋಗುವುದು ಪುತ್ತೂರಿಗೆ ಅಲ್ವಾ? ಹಾಗಾದರೆ ವಿಮಾನ ಸುಮ್ನೆ ದಂಡ. ವಿಜಯನಗರದಿಂದ ಏರ್‌ಪೋರ್ಟಿಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಅಲ್ಲಿ ಎರಡು ಗಂಟೆ ಮುಂಚೆ ಇರಬೇಕು. ಬಜ್ಪೆಯಲ್ಲಿ ಇಳಿದ ಮೇಲೆ ಕೈಕಂಬ, ಬಿ.ಸಿ.ರೋಡ್, ಮಾಣಿ ದಾಟಿ ಬಂದ ಕಡೆಗೇ ವಾಪಸ್ 50 ಕಿ.ಮೀ. ಮೇಲೆ ಟ್ಯಾಕ್ಸಿ. ಒಟ್ಟು ಆರೇಳು ಗಂಟೆ. ರಾತ್ರಿ ರೈಲು ಕಬಕ ಪುತ್ತೂರಿನಲ್ಲೇ ನಿಲ್ಲುತ್ತದೆ. ಹಿರಿಯರಿಗೆ ಕೆಳಗಿನ ಬರ್ತ್ ಕೋಟಾ ಇದೆ.

ವಿಜಯನಗರದ ಸೊಸೆ:
ಮೆಜೆಸ್ಟಿಕ್ಕಿಗೆ ಮೆಟ್ರೋ ಹತ್ತಿದರೆ ಆಯ್ತು ಅನ್ನಿ. ಪುತ್ತೂರಲ್ಲಿ ಇಳಿಯಲು ಅವರಿಗೆ ಸಮಯ ಸಿಗುತ್ತಾ?

ಬಜ್ಪೆ ಭಟ್ಟ:
ತುಂಬ ಹೊತ್ತು ನಿಲ್ಲುವುದಿಲ್ಲ. ಸುಬ್ರಹ್ಮಣ್ಯ ರೋಡ್ ದಾಟಿದ ಕೂಡಲೇ ಎಬ್ಬಿಸಿ, ಚೀಲ ಬಾಗಿಲ ಹತ್ತಿರ ಇಡಿ. ಊರಿನವರು ಒಬ್ಬರು ಬೋಗಿ ನಂಬರ್ ತಿಳಿದುಕೊಂಡು ಪ್ಲಾಟ್‌ಫಾರಂನಲ್ಲೇ ನಿಂತಿರಲಿ.

ಕಿಟಕಿ ಸೀಟು:
ವಿಮಾನವೇ ಆದರೆ ವೀಲ್‌ಚೇರ್ ಬುಕ್ ಮಾಡುವಾಗಲೇ ಹೇಳಿಬಿಡಿ. ಮೆಟ್ಟಿಲು ಹತ್ತೋಕೆ ಆಗಲ್ಲ ಅನ್ನುವುದನ್ನೂ ಸೇರಿಸಿ.