ಅಪ್‌ಡೇಟ್: ಮರದ ಆರೈಕೆ ಕೆಲಸಕ್ಕೆ ದರ ಹೇಳುವುದು ಹೇಗೆ ಅಂತ ಕೇಳಿದ್ದೆ

ಮರದ ಆರೈಕೆ ಕೆಲಸ ಶುರು ಮಾಡಿದ್ದೇನೆ, ಗಿರಾಕಿಗಳು ಸಿಗುತ್ತಿದ್ದಾರೆ, ಆದರೆ ಕೈಯಲ್ಲಿ ದುಡ್ಡು ಉಳಿಯುತ್ತಿಲ್ಲ ಅಂತ ಮೂರು ವಾರದ ಹಿಂದೆ ಕೇಳಿದ್ದೆ. ಆಮೇಲೆ ಆದದ್ದು ಇಷ್ಟು.

ಮರದ ಎತ್ತರ ನೋಡಿ ದರ ಹೇಳಿ ಅಂದಿರಲ್ಲ, ಅದು ನನಗೆ ಆಗಿಬರಲಿಲ್ಲ. ಬಯಲಲ್ಲಿ ನಿಂತಿದ್ದ ಎತ್ತರದ ಮರ ಬೇಗ ಮುಗಿಯಿತು. ಮನೆಯ ಮೇಲೆ ಬಾಗಿದ್ದ ಗಿಡ್ಡ ಮರ ಇಡೀ ದಿನ ತಿಂದಿತು. ಒಂದೊಂದು ಕೊಂಬೆಯನ್ನೂ ಹಗ್ಗ ಕಟ್ಟಿ ಇಳಿಸಬೇಕು, ಅಲ್ವಾ?

ಕೈ ಹಿಡಿದದ್ದು 'ಗಂಟೆ ಬರೆದಿಡಿ' ಅನ್ನುವ ಸಲಹೆ. ನಾಲ್ಕು ಕೆಲಸಗಳಲ್ಲಿ ಹತ್ತುವುದು, ಕತ್ತರಿಸುವುದು, ಸೊಪ್ಪು-ಕೊಂಬೆ ಸಾಗಿಸುವುದು, ಎಲ್ಲಕ್ಕೂ ಬೇರೆ ಬೇರೆ ಹೊತ್ತು ಬರೆದೆ. ನೋಡಿದರೆ, ಗರಗಸ ಓಡಿದ್ದಕ್ಕಿಂತ ಕೊಂಬೆ ಎಳೆದ ಹೊತ್ತೇ ಜಾಸ್ತಿ! ನಾನು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಈಗ ಸಾಗಿಸುವುದಕ್ಕೆ ಬೇರೆ ದರ ಹೇಳುತ್ತೇನೆ. ಐದನೆಯ ಕೆಲಸದಲ್ಲಿ ಮೊದಲ ಸಲ ನಾಲ್ಕು ಕಾಸು ಉಳಿಯಿತು.

ಇನ್ನೊಂದು ವಿಷಯ. ಕತ್ತರಿಸಿದ ಜಾಗಕ್ಕೆಲ್ಲ ನಾನು ಬಣ್ಣ ಬಳಿಯುತ್ತಿದ್ದೆ, ಅದೂ ಪುಕ್ಕಟೆಯಾಗಿ. ಸುಮ್ನೆ ದಂಡ ಅಂತ ಒಬ್ಬರು ತಿದ್ದಿದರು. ಅಮೆರಿಕದ ಮರರೋಗ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿದವರು. ಬಣ್ಣ ಕೊಳೆಯುವುದನ್ನು ತಡೆಯುವುದಿಲ್ಲ, ಮರವೇ ಗಾಯದ ಸುತ್ತ ಒಳಗಿನಿಂದ ಗೋಡೆ ಕಟ್ಟಿಕೊಳ್ಳುತ್ತದೆ ಅಂತ ತೋರಿಸಿದರು. ಕೊಂಬೆಯ ಬುಡದ ಉಬ್ಬಿಗೆ ಏಟು ಬೀಳದಂತೆ, ಅದರ ಹೊರಗೆ ಕತ್ತರಿಸಿದರೆ ಆಯಿತು. ಬಣ್ಣದ ಡಬ್ಬಿ ಈಗ ಮೂಲೆ ಸೇರಿದೆ.

ವಿಮೆ ಮಾಡಿಸಿ ಅಂದವರೇ, ಬೈಯಬೇಡಿ. ಇನ್ನೂ ಮಾಡಿಸಿಲ್ಲ. ಅರ್ಜಿ ತಂದಿಟ್ಟಿದ್ದೇನೆ, ಅದಾಗುವವರೆಗೆ ಮನೆಯ ಮೇಲೆ ಬಾಗಿದ ಮರ ಮುಟ್ಟುವುದಿಲ್ಲ.